ಅಪ್ಪನ ಜೊತೆ ಕಾರವಾರ, ಗೋವಾ: ನೌಕಾಪಡೆಯ ವಿಮಾನಗಳ ನಡುವೆ ನಾಲ್ಕು ದಿನ

ಶನಿವಾರ, ರಾತ್ರಿ ರೈಲು

ಯಾವ ತಗಡು ಕಂಡರೂ ಅಪ್ಪ ಹೆಬ್ಬೆರಳಲ್ಲಿ ಸವರಿ ನೋಡುತ್ತಾರೆ. ಬಸ್ಸಿನ ಬಾಗಿಲಾಗಲಿ, ಹೊಸ ಬೀರುವಾಗಲಿ, ಮದುವೆ ಮನೆಯ ಕೊಪ್ಪರಿಗೆಯಾಗಲಿ, ಮೊದಲು ಹೆಬ್ಬೆರಳು ಹೋಗುತ್ತದೆ, ಆಮೇಲೆ ಕಣ್ಣು. 1972ರಲ್ಲಿ ಐಟಿಐ ಮುಗಿಸಿ ಮದ್ದೂರು ಕಡೆಯಿಂದ ಬೆಂಗಳೂರಿಗೆ ಬಂದು ವಿಮಾನ ಕಟ್ಟುವ ಎಚ್‌ಎಎಲ್ ಕಾರ್ಖಾನೆ ಸೇರಿದವರು ಅವರು. 39 ವರ್ಷ ಅಲ್ಲೇ ದುಡಿದರು. ಜಾಸ್ತಿ ವರ್ಷ ಹೆಲಿಕಾಪ್ಟರ್ ಕಡೆಯೇ, ಅದರಲ್ಲೂ ತಗಡಿಗೆ ತಗಡು ಸೇರಿಸುವ ಮೊಳೆ, ಅಂದರೆ ರಿವೆಟ್ ಹೊಡೆಯುವ ಕೆಲಸ.

ಕಾರವಾರದ ಕಡಲತೀರಕ್ಕೆ ಒಂದು ದೊಡ್ಡ ಯುದ್ಧವಿಮಾನ ತಂದು ನಿಲ್ಲಿಸಿದ್ದಾರೆ ಅಂತ ಪೇಪರ್‌ನಲ್ಲಿ ಓದಿದ ದಿನದಿಂದ ಅವರದು ಒಂದೇ ಮಾತು. "ಒಂದ್ಸಲ ಹೋಗಿ ನೋಡ್ಕೊಂಡು ಬರೋಣ ಕಣಮ್ಮ." ಅಲ್ಲಿವರೆಗೆ ಹೋದ ಮೇಲೆ ಗೋವಾದ ನೌಕಾ ವಿಮಾನ ವಸ್ತುಸಂಗ್ರಹಾಲಯವನ್ನೂ ನೋಡೋಣ ಅಂತ ನಾನು ಸೇರಿಸಿದೆ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ಕೆಳಗಿನ ಬರ್ತ್ ಸಿಕ್ಕವು. ಅಮ್ಮ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು. ಹಾಸನ ದಾಟುವ ಹೊತ್ತಿಗೆ ಅಪ್ಪನಿಗೆ ನಿದ್ದೆ.

ಭಾನುವಾರ, ಕಾರವಾರ

ಬೆಳಿಗ್ಗೆ ಕಾರವಾರ ಸ್ಟೇಷನ್‌ನಲ್ಲಿ ಇಳಿದಾಗ ಮೈಗೆ ಅಂಟುವ ಉಪ್ಪುಗಾಳಿ. ರೂಮಿಗೆ ಹೋಗಿ ಸ್ನಾನ ಮಾಡಿ ಹೊರಬಿದ್ದೆವು. ಟಾಗೋರ್ ಬೀಚ್ ಊರಿನ ಪಕ್ಕದಲ್ಲೇ ಇದೆ. ರವೀಂದ್ರನಾಥ ಟಾಗೋರರ ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಹರೆಯದ ರವೀಂದ್ರರು ಬಂದು ಉಳಿದಿದ್ದರು. ಅದಕ್ಕೇ ಆ ಹೆಸರು.

ಮೊದಲು ಕಂಡಿದ್ದು ಐಎನ್‌ಎಸ್ ಚಪಲ್. ಸೋವಿಯತ್ ಒಕ್ಕೂಟದಿಂದ ಬಂದ ಕ್ಷಿಪಣಿ ದೋಣಿ ಇದು. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಮರುವರ್ಷ ಇಲ್ಲಿ ಮರಳ ಮೇಲೆ ನೆಲೆ ನಿಂತಿತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ಪುಟ್ಟ ದೋಣಿಗಳು. ಆ ದಿನವನ್ನೇ ಈಗ ನೌಕಾಪಡೆ ದಿನ ಅಂತ ಆಚರಿಸುತ್ತಾರೆ. ಒಳಗೆ ತಲೆ ಬಗ್ಗಿಸಿಕೊಂಡೇ ಓಡಾಡಬೇಕು. ಅಪ್ಪ ಬೇಗ ಬೇಗ ನೋಡಿ ಹೊರಬಂದರು. ಅವರ ಮನಸ್ಸೆಲ್ಲ ಪಕ್ಕದಲ್ಲಿದ್ದ ದೈತ್ಯನ ಮೇಲೆ.

ಟುಪೊಲೆವ್ 142 ಎಂ. ಫೋಟೋ ನೋಡಿ ಇದರ ಗಾತ್ರ ಗೊತ್ತಾಗುವುದಿಲ್ಲ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 50 ಮೀಟರ್. ನಮ್ಮ ಬಡಾವಣೆಯ ಮೂವತ್ತು ನಲವತ್ತರ ಸೈಟುಗಳನ್ನು ಸಾಲಾಗಿ ಇಟ್ಟರೆ ಐದು ಮನೆ ದಾಟಿ ಆರನೆಯ ಮನೆಯ ಅಂಗಳಕ್ಕೆ ಬರುತ್ತದೆ. ಉದ್ದ ಅದಕ್ಕಿಂತ ಸ್ವಲ್ಪ ಹೆಚ್ಚು. ಅಪ್ಪ ಮಾತೇ ಆಡಲಿಲ್ಲ. ಮೂತಿಯಿಂದ ಬಾಲದವರೆಗೆ ಒಂದು ಸುತ್ತು ನಡೆದರು. ಆಮೇಲೆ ಇನ್ನೊಂದು ಸುತ್ತು.

ಇಂಥ ಎಂಟು ವಿಮಾನಗಳು ನಮ್ಮ ನೌಕಾಪಡೆಯಲ್ಲಿದ್ದವು. 1988ರಲ್ಲಿ ಬಂದು ಮೊದಲು ಗೋವಾದಲ್ಲಿದ್ದವು. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. ಅಲ್ಲೇ 2017ರ ಮಾರ್ಚ್ 29ರಂದು ನಿವೃತ್ತಿ. ಕೆಲಸ ಏನು ಅಂದರೆ, ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರುತ್ತಾ ಜಲಾಂತರ್ಗಾಮಿಗಳನ್ನು ಹುಡುಕುವುದು. ಇದಕ್ಕೆ ಸೋನೊಬಾಯ್ ಅಂತ ಒಂದು ಸಾಧನ ಇದೆ. ಉದ್ದನೆಯ ಡಬ್ಬಿಯ ಹಾಗಿರುತ್ತದೆ. ವಿಮಾನದಿಂದ ಅದನ್ನು ನೀರಿಗೆ ಎಸೆದರೆ ತೇಲುತ್ತಾ ತನ್ನ ಕಿವಿಯನ್ನು ತಂತಿಯಲ್ಲಿ ಕೆಳಕ್ಕೆ ಇಳಿಬಿಡುತ್ತದೆ. ನೀರಿನಡಿ ಕೇಳಿದ ಸದ್ದನ್ನು ರೇಡಿಯೋದಲ್ಲಿ ಮೇಲಕ್ಕೆ ಕಳಿಸುತ್ತದೆ. ಮೇಲೆ ಕುಳಿತವರು ಆ ಸದ್ದಲ್ಲೇ ಹಡಗು ಯಾವುದು, ತಿಮಿಂಗಿಲ ಯಾವುದು, ಜಲಾಂತರ್ಗಾಮಿ ಯಾವುದು ಅಂತ ಬೇರೆ ಮಾಡಬೇಕು. ಹತ್ತು ಗಂಟೆ ಒಂದೇ ಸಮನೆ ಹೆಡ್‌ಫೋನ್ ಹಾಕಿಕೊಂಡು ಕೂರುವ ಆ ತಾಳ್ಮೆ ನೆನೆದರೇ ನನಗೆ ಗೌರವ ಹುಟ್ಟುತ್ತದೆ.

ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಪ್ರೊಪೆಲ್ಲರ್‌ಗಳು. ನಾಲ್ಕು ಎಂಜಿನ್. ಒಂದೊಂದಕ್ಕೂ ಒಂದರ ಹಿಂದೆ ಒಂದರಂತೆ ಎರಡು ಪ್ರೊಪೆಲ್ಲರ್, ಒಂದೊಂದರಲ್ಲೂ ನಾಲ್ಕು ಎಲೆ. ಮುಂದಿನದು ಒಂದು ಕಡೆ ತಿರುಗಿದರೆ ಹಿಂದಿನದು ಅದರ ವಿರುದ್ಧ ತಿರುಗುತ್ತದೆ.

"ಯಾಕಪ್ಪ ಹೀಗೆ?" ಅಂದೆ.

"ಒಂದೇ ಇದ್ದಿದ್ರೆ ಗಾಳಿನ ಸುತ್ತಿಸಿ ಹಿಂದಕ್ಕೆ ಬಿಡುತ್ತೆ. ಆ ಸುತ್ತು ಗಾಳೀಲಿ ಶಕ್ತಿ ದಂಡ. ಎರಡನೇದು ಉಲ್ಟಾ ತಿರುಗಿ ಅದನ್ನ ನೇರ ಮಾಡಿ ತಳ್ಳುತ್ತೆ. ಕೆನೆ ಕಡೆದ ಮಜ್ಜಿಗೇನ ಇನ್ನೊಂದ್ಸಲ ಕಡೆದು ಉಳಿದ ಬೆಣ್ಣೆ ತೆಗೆದ ಹಂಗೆ."

ಪ್ರೊಪೆಲ್ಲರ್ ಇದ್ದೂ ಗಂಟೆಗೆ 900 ಕಿಲೋಮೀಟರ್‌ಗಿಂತ ಜೋರಾಗಿ ಹಾರುತ್ತಿದ್ದ ವಿಮಾನ ಇದು. ಜೆಟ್‌ಗಳ ವೇಗ ಅದು. ಎಲೆಗಳ ತುದಿ ಶಬ್ದದ ವೇಗವನ್ನೂ ಮೀರುತ್ತಿದ್ದರಿಂದ ಇದರ ಗದ್ದಲ ಬಹಳ ದೂರ ಕೇಳಿಸುತ್ತಿತ್ತಂತೆ.

ಈ ವಿಮಾನ ಇಲ್ಲಿಗೆ ಹಾರಿಕೊಂಡು ಬಂದಿದ್ದಲ್ಲ. ಅರಕ್ಕೋಣಂನಲ್ಲಿ ಬಿಚ್ಚಿ, ಭಾಗ ಭಾಗ ಮಾಡಿ ರಸ್ತೆಯಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ರೆಕ್ಕೆ ಮೈಗೆ ಸೇರುವ ಜಾಗದ ಕೆಳಗೆ ಅಪ್ಪ ತುಂಬಾ ಹೊತ್ತು ಕತ್ತೆತ್ತಿ ನಿಂತಿದ್ದರು. "ಬಿಚ್ಚೋದು ಸುಲಭ ಅನ್ಕೊಂಡಿದೀಯಾ? ಕಟ್ಟೋಕಿಂತ ಕಷ್ಟ. ಯಾವ ಬೋಲ್ಟು ಯಾವ ತೂತಿಂದು ಅಂತ ಬರೆದಿಟ್ಕೋಬೇಕು. ಯಾರೋ ಪುಣ್ಯಾತ್ಮರು ಕೂತು ಮಾಡಿದಾರೆ."

ಸಂಜೆ ಬಂಗುಡೆ ಫ್ರೈ, ಅನ್ನ, ಸೋಲ್ ಕಡಿ. ಅಪ್ಪ ಎರಡು ಲೋಟ ಸೋಲ್ ಕಡಿ ಕುಡಿದರು.

ಸೋಮವಾರ, ಕಾರವಾರದಲ್ಲೇ

ಗೋವಾದ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಹಾಗಾಗಿ ಈ ದಿನ ಕಾರವಾರದಲ್ಲೇ ಉಳಿದೆವು. ನೀವು ಹೋಗುವುದಾದರೆ ವಾರ ನೋಡಿಕೊಂಡು ಹೊರಡಿ.

ಬೆಳಿಗ್ಗೆ ಆಟೋ ಮಾಡಿಕೊಂಡು ಸದಾಶಿವಗಡಕ್ಕೆ ಹೋದೆವು. ಕಾಳಿ ನದಿ ಸಮುದ್ರ ಸೇರುವುದನ್ನು ಗುಡ್ಡದ ಮೇಲಿಂದ ನೋಡಬೇಕು. ಒಂದು ಕಡೆ ನದಿಯ ಹಸಿರು, ಇನ್ನೊಂದು ಕಡೆ ಕಡಲಿನ ಬೂದು. ಆಟೋದವರು ದಾರಿಯಲ್ಲಿ ದಕ್ಷಿಣದ ಕಡೆ ಕೈ ತೋರಿಸಿ, "ಆ ಕಡೆ ಅರಗಾ, ಬಿಣಗಾ. ಅಲ್ಲೆಲ್ಲ ನೇವಿ" ಅಂದರು. ಐಎನ್‌ಎಸ್ ಕದಂಬ ನೌಕಾನೆಲೆ ಅದು, 2005ರಿಂದ ಇದೆ. ವಿಮಾನವಾಹಕ ಹಡಗು ವಿಕ್ರಮಾದಿತ್ಯದ ನೆಲೆಯೂ ಹೌದು. ಆ ನೆಲೆಗಾಗಿ ಊರಿಗೆ ಊರೇ ಜಾಗ ಬಿಟ್ಟುಕೊಟ್ಟು ಎದ್ದು ಹೋಗಿದೆ. ಕಾರವಾರಕ್ಕೆ ಬಂದು ಯುದ್ಧವಿಮಾನ ನೋಡಿ ಹೋಗುವವರು ಆ ಮನೆಗಳನ್ನೂ ಒಂದು ಕ್ಷಣ ನೆನೆಯಬೇಕು ಅನ್ನಿಸಿತು.

ಅದೇ ಕಡೆ ಕಡಲಲ್ಲಿ ಅಂಜುದೀವ್ ದ್ವೀಪ ಇದೆ. 1961ರ ನವೆಂಬರ್‌ನಲ್ಲಿ ಅಲ್ಲಿದ್ದ ಪೋರ್ಚುಗೀಸರು ಭಾರತದ ಪ್ರಯಾಣಿಕರ ಹಡಗಿನ ಮೇಲೆ, ಕಾರವಾರದ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ಒಬ್ಬ ಮೀನುಗಾರ ತೀರಿಕೊಂಡರು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾದಾಗ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಹಡಗುಗಳು ಈ ದ್ವೀಪಕ್ಕೆ ಬಂದವು. ಅಲ್ಲಿ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಅದೇ ದಿನ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ಪುಣೆಯಿಂದ ಹಾರಿ ಗೋವಾದ ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. ನಾವು ನಾಳೆ ಹೋಗಬೇಕಾಗಿದ್ದು ಆ ದಾಬೋಲಿಂಗೇ. ವಿಮೋಚನೆಯ ನಂತರ ಆ ವಿಮಾನ ನಿಲ್ದಾಣ ನೌಕಾಪಡೆಗೆ ಬಂತು. ಕೊಯಮತ್ತೂರಿನ ಹತ್ತಿರ ಸೂಲೂರಿನಲ್ಲಿದ್ದ ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಹಂಸ 1964ರಲ್ಲಿ ಅಲ್ಲಿಗೆ ಬಂದು ನೆಲೆಸಿತು.

ಸಂಜೆ ಮತ್ತೆ ಬೀಚಿಗೆ ಹೋದೆವು. ಮರಳ ಮೇಲೆ ಕೂತು ಅಪ್ಪ ರಿವೆಟ್ ಹೊಡೆಯುವುದನ್ನು ಹೇಳಿದರು. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೇನೆ. ಆದರೆ ನಿನ್ನೆ ಆ ದೊಡ್ಡ ವಿಮಾನದ ಮೈಮೇಲೆ ಸಾಲು ಸಾಲು ರಿವೆಟ್ ನೋಡಿದ ಮೇಲೆ ಅದು ಬೇರೆಯೇ ಆಗಿ ಕೇಳಿಸಿತು.

ರಿವೆಟ್ ಒಬ್ಬರ ಕೆಲಸ ಅಲ್ಲ. ಹೊರಗೊಬ್ಬರು ರಿವೆಟ್ ಬಡಿಯುವ ಗನ್ ಹಿಡಿದು ನಿಲ್ಲಬೇಕು. ತಗಡಿನ ಆಚೆ, ಒಳಗಡೆ, ಇನ್ನೊಬ್ಬರು ಡಾಲಿ ಹಿಡಿದು ಕೂರಬೇಕು. ಡಾಲಿ ಅಂದರೆ ಅಂಗೈಯಲ್ಲಿ ಹಿಡಿಸುವ ಉಕ್ಕಿನ ಗಟ್ಟಿ. ಹೊರಗಿನಿಂದ ಗನ್ ಬಡಿದಾಗ ರಿವೆಟ್ಟಿನ ಬಾಲ ಆ ಡಾಲಿಗೆ ತಾಗಿ ಚಪ್ಪಟೆಯಾಗಿ, ಎರಡು ತಗಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಅದಕ್ಕೆ ಒಳಗಿನವರು ಡಾಲಿಯಿಂದ ತಗಡು ತಟ್ಟಿ ಹೇಳಬೇಕು. ಅಪ್ಪನ ಜೋಡಿಯಲ್ಲಿ ಒಂದು ಸಲ ತಟ್ಟಿದರೆ ಚೆನ್ನಾಗಿ ಕೂತಿದೆ, ಮುಂದಿನದಕ್ಕೆ ಹೋಗು ಅಂತ. ಎರಡು ಸಲ ತಟ್ಟಿದರೆ ಅದಕ್ಕೇ ಇನ್ನೊಂದು ಸ್ವಲ್ಪ ಹೊಡಿ ಅಂತ. ಮೂರು ಸಲ ತಟ್ಟಿದರೆ ಕೆಟ್ಟಿತು, ತೆಗೆದು ಬೇರೆ ಹಾಕಬೇಕು.

ಕೆಲವು ಜಾತಿಯ ರಿವೆಟ್‌ಗಳನ್ನು ಫ್ರಿಜ್‌ನಲ್ಲಿ ಇಡುತ್ತಾರೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಆ ಮಿಶ್ರಲೋಹವನ್ನು ಕಾಯಿಸಿ ತಣ್ಣೀರಿಗೆ ಹಾಕಿದ ತಕ್ಷಣ ಮೆತ್ತಗಿರುತ್ತದೆ. ಹಾಗೇ ಬಿಟ್ಟರೆ ಗಟ್ಟಿಯಾಗುತ್ತಾ ಹೋಗುತ್ತದೆ. ಕೊರೆಯುವ ಚಳಿಯಲ್ಲಿಟ್ಟರೆ ಮೆತ್ತಗೇ ಉಳಿಯುತ್ತದೆ. ಹೊರಗೆ ತೆಗೆದ ಮೇಲೆ ಬೇಗ ಬೇಗ ಹೊಡೆದು ಮುಗಿಸಬೇಕು. ಹೊಡೆದ ಮೇಲೆ ವಿಮಾನದ ಮೈಯಲ್ಲೇ ಅದು ಪೂರ್ತಿ ಗಟ್ಟಿಯಾಗುತ್ತದೆ. "ಬಟ್ಟಲಲ್ಲಿ ಐಸ್ ಥರ ಇರೋದು. ಬೆರಳು ಜುಮ್ ಅನ್ನೋದು" ಅಂತ ಅಪ್ಪ ಎರಡು ಬೆರಳು ಉಜ್ಜಿ ತೋರಿಸಿದರು.

ಅಪ್ಪನಿಗೆ ಡಾಲಿ ಹಿಡಿಯುತ್ತಿದ್ದ ಸ್ನೇಹಿತರು ಇಪ್ಪತ್ತು ವರ್ಷ ಜೊತೆಗಿದ್ದವರು. ನಾನು ಅವರನ್ನು ದೊಡ್ಡಪ್ಪ ಅಂತಲೇ ಕರೆಯುವುದು. ಮಂಡಿ ನೋವು, ಈ ಪ್ರವಾಸಕ್ಕೆ ಬರಲು ಆಗಲಿಲ್ಲ.

ಮಂಗಳವಾರ, ಗೋವಾ

ಬೆಳಿಗ್ಗೆ ಬೇಗ ಬಸ್ಸು ಹಿಡಿದೆವು. ಮಾಜಾಳಿ ದಾಟಿದರೆ ಗೋವಾ. ಕಾಣಕೋಣದ ತಿರುವುಗಳನ್ನು ದಾಟಿ ಮಡಗಾಂವ್, ಅಲ್ಲಿಂದ ವಾಸ್ಕೋ ಬಸ್ಸು. ಚಿಕಲಿಂನಲ್ಲಿ ಇಳಿದು ಬೋಗ್ಮಾಲೊ ರಸ್ತೆಗೆ ಟ್ಯಾಕ್ಸಿ ಮಾಡಿಕೊಂಡೆವು.

ನೌಕಾ ವಿಮಾನ ಸಂಗ್ರಹಾಲಯ ಶುರುವಾಗಿದ್ದು 1998ರ ಅಕ್ಟೋಬರ್‌ನಲ್ಲಿ. ಹೊರಗಡೆ ಬಯಲಲ್ಲಿ ವಿಮಾನಗಳು, ಪಕ್ಕದಲ್ಲಿ ಎರಡು ಅಂತಸ್ತಿನ ಗ್ಯಾಲರಿ. ಹತ್ತಿರದಲ್ಲೇ ದಾಬೋಲಿಂ ರನ್‌ವೇ ಇರುವುದರಿಂದ ಆಗಾಗ ವಿಮಾನದ ಸದ್ದು ಬರುತ್ತಲೇ ಇರುತ್ತದೆ. ನಿಂತ ವಿಮಾನ ನೋಡುತ್ತಿರುವಾಗ ತಲೆಯ ಮೇಲೆ ಹಾರುವ ವಿಮಾನ. ಇದೇ ಇಲ್ಲಿನ ಮಜಾ.

ಗೇಟಿನಿಂದಲೇ ಕಣ್ಣಿಗೆ ಬೀಳುವುದು ಸೂಪರ್ ಕಾನ್‌ಸ್ಟಲೇಷನ್. ಮೂರು ಬಾಲ, ಡಾಲ್ಫಿನ್ ಥರ ಸ್ವಲ್ಪ ಬಾಗಿದ ಮೈ. ಇದು ಹುಟ್ಟಾ ಸೈನಿಕ ಅಲ್ಲ. ಐವತ್ತರ ದಶಕದಲ್ಲಿ ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು ವಿದೇಶಕ್ಕೆ ಹೋಗುತ್ತಿದ್ದ ವಿಮಾನ. ಆಗ ಈ ಜಾತಿಯ ವಿಮಾನಗಳಿಗೆ ರಾಣಿ ಅಂತ ಸೇರಿಸಿ ಹೆಸರಿಡುತ್ತಿದ್ದರು. ಜೆಟ್‌ಗಳು ಬಂದ ಮೇಲೆ ವಾಯುಪಡೆಗೆ ಹೋಯಿತು. 1976ರಲ್ಲಿ ನೌಕಾಪಡೆಗೆ ಬಂದು ಕಡಲು ಕಾಯುವ ಕೆಲಸ ಹಿಡಿಯಿತು. ಇದು ಬಿಟ್ಟ ಜಾಗವನ್ನೇ ಆಮೇಲೆ ತುಂಬಿದ್ದು ನಾವು ಕಾರವಾರದಲ್ಲಿ ನೋಡಿದ ಟುಪೊಲೆವ್. ಎರಡು ದಿನದಲ್ಲಿ ಅಕ್ಕನನ್ನೂ ತಂಗಿಯನ್ನೂ ನೋಡಿದ ಹಾಗಾಯಿತು.

ಅಪ್ಪ ಅದರ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅವರು ಹುಡುಕುತ್ತಿದ್ದುದು ನಮ್ಮ ಊರಿನ ವಿಮಾನಗಳನ್ನು.

ಮೊದಲು ಸಿಕ್ಕಿದ್ದು ಎಚ್‌ಟಿ-2. ಈ ಪುಟ್ಟ ತರಬೇತಿ ವಿಮಾನದ ಮುಂದೆ ಜನ ನಿಲ್ಲುವುದೇ ಕಡಿಮೆ. ಪಕ್ಕದಲ್ಲಿ ಜೆಟ್‌ಗಳಿರುವಾಗ ಇದು ಯಾರ ಕಣ್ಣಿಗೆ ಬೀಳಬೇಕು? ಆದರೆ ನನ್ನ ಮಟ್ಟಿಗೆ ಇಡೀ ಬಯಲಲ್ಲಿ ಇದಕ್ಕಿಂತ ದೊಡ್ಡ ವಿಮಾನ ಇಲ್ಲ. ಡಾ. ವಿ. ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲಿ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ್ದು. ಸ್ವಾತಂತ್ರ್ಯ ಬಂದು ಆಗಿನ್ನೂ ನಾಲ್ಕು ವರ್ಷ. ನಮ್ಮದೇ ನಕ್ಷೆ, ನಮ್ಮವರೇ ಕಟ್ಟಿದ್ದು, ಪೂರ್ತಿ ಲೋಹದ ಮೈ. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ಒಂದರಲ್ಲಿ ಕಲಿಯುವವರು, ಇನ್ನೊಂದರಲ್ಲಿ ಕಲಿಸುವವರು. ಎಷ್ಟು ಪೈಲಟ್‌ಗಳು ತಮ್ಮ ಮೊದಲ ಹಾರಾಟ ಮಾಡಿದ್ದು ಇದರಲ್ಲೇ!

"ನಾನು ಸೇರೋ ಹೊತ್ತಿಗೆ ಇದನ್ನ ಕಟ್ಟೋದು ನಿಂತೋಗಿತ್ತು" ಅಂದರು ಅಪ್ಪ. "ಆದ್ರೆ ನಮಗೆ ಕೆಲಸ ಕಲಿಸಿದ ಹಿರಿಯರೆಲ್ಲ ಇದನ್ನ ಕಟ್ಟಿದೋರು. ರಿವೆಟ್ ಸಾಲು ಒಂಚೂರು ಸೊಟ್ಟ ಆದ್ರೆ, ಎಚ್‌ಟಿ-2 ನೋಡ್ಕೊಂಡು ಬಾ ಹೋಗು ಅನ್ನೋರು."

ಆ ಮಾತು ಕೇಳಿ ನಾನೂ ಬಗ್ಗಿ ನೋಡಿದೆ. ರೆಕ್ಕೆಯ ಮೇಲೆ ರಿವೆಟ್‌ಗಳು ಒಂದೇ ಸಾಲು, ಒಂದೇ ಅಂತರ. ದಾರ ಹಿಡಿದು ಮಲ್ಲಿಗೆ ಕಟ್ಟಿದ ಹಾಗೆ.

ಎಲ್ಲದಕ್ಕೂ ಬಣ್ಣ ಹಚ್ಚಿ ನೋಡಿಕೊಂಡಿದ್ದಾರೆ. ಆದರೂ ಕಡಲ ಗಾಳಿ ಅಲ್ಯೂಮಿನಿಯಂಗೆ ಶತ್ರು. ಉಪ್ಪು ಬಣ್ಣದ ಸಂದಿಯಲ್ಲಿ, ರಿವೆಟ್ಟಿನ ತಲೆಯ ಸುತ್ತ ಒಳಗೆ ಇಳಿಯುತ್ತದೆ. ಬಿಳಿ ಪುಡಿಯ ಹಾಗೆ ಲೋಹ ಒಳಗೊಳಗೇ ಉದುರತೊಡಗುತ್ತದೆ. ಕಬ್ಬಿಣದ ತುಕ್ಕು ಕೆಂಪಗೆ ಕಂಡೇ ಕಾಣುತ್ತದೆ, ಇದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹಾರುವ ದಿನಗಳಲ್ಲಿ ಸಿಹಿನೀರಲ್ಲಿ ತೊಳೆದು ತೊಳೆದು ಕಾಪಾಡುತ್ತಾರೆ. ಈ ಹಳೆಯ ವಿಮಾನಗಳಿಗೂ, ಮುಖ್ಯವಾಗಿ ಎಚ್‌ಟಿ-2ಗೆ, ತಲೆ ಮೇಲೊಂದು ಸೂರು ಆಗಲಿ ಅನ್ನುವುದು ನನ್ನ ಆಸೆ. ಕಾರವಾರದಲ್ಲೂ ಇದೇ ಮಾತು. ದೇಶದಲ್ಲಿ ಉಳಿದಿರುವ ಎಚ್‌ಟಿ-2ಗಳು ಕೆಲವೇ ಕೆಲವು. ಹೋದರೆ ಮತ್ತೆ ಕಟ್ಟಿಕೊಡಲು ಆ ಕೈಗಳಿಲ್ಲ.

ಮುಂದೆ ಚೇತಕ್.

ಫ್ರಾನ್ಸಿನ ಅಲೂವೆಟ್ 3 ಹೆಲಿಕಾಪ್ಟರ್ ಅನ್ನು ಎಚ್‌ಎಎಲ್ 1965ರಿಂದ ಬೆಂಗಳೂರಿನಲ್ಲಿ ಕಟ್ಟತೊಡಗಿತು. ಹೆಸರು ರಾಣಾ ಪ್ರತಾಪನ ಕುದುರೆಯದು. ಮುನ್ನೂರಕ್ಕೂ ಹೆಚ್ಚು ತಯಾರಾದವು. ಮೂತಿ ಪೂರ್ತಿ ಗಾಜು, ಕೀಟದ ಕಣ್ಣಿನ ಹಾಗೆ. ನೌಕಾಪಡೆಯಲ್ಲಿ ಇದಕ್ಕೆ ಒಂದು ದೊಡ್ಡ ಜವಾಬ್ದಾರಿ ಇತ್ತು. ವಿಮಾನವಾಹಕ ಹಡಗಿನಿಂದ ಜೆಟ್‌ಗಳು ಏರುವಾಗ, ಇಳಿಯುವಾಗ ಇದು ಪಕ್ಕದಲ್ಲೇ ಗಾಳಿಯಲ್ಲಿ ಕಾದು ನಿಲ್ಲುತ್ತಿತ್ತು. ಯಾವುದಾದರೂ ಜೆಟ್ ನೀರಿಗೆ ಬಿದ್ದರೆ ಪೈಲಟ್‌ನನ್ನು ಎತ್ತಿಕೊಳ್ಳುವುದು ಇದರ ಕೆಲಸ. ಚೇತಕ್ ಹಾರಿಸುವ ಒಂದು ಸ್ಕ್ವಾಡ್ರನ್ನಿಗೆ ಏಂಜೆಲ್ಸ್ ಅಂತಲೇ ಹೆಸರು.

ಅಪ್ಪ ಹೆಲಿಕಾಪ್ಟರಿನ ಹಿಂದಕ್ಕೆ ಹೋದರು. ಅವರ ಕೈ ಜಾಸ್ತಿ ಪಳಗಿದ್ದು ಬಾಲದ ಭಾಗದಲ್ಲಿ. ಅಲ್ಲಿದ್ದ ಕಾವಲಿನವರನ್ನು ತಮ್ಮ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದರು: ನಾನು ಬೆಂಗಳೂರಲ್ಲಿ ಇದನ್ನ ಕಟ್ಟುತ್ತಿದ್ದೆ, ಒಂದು ಸಲ ಮುಟ್ಟಬಹುದಾ? ಅವರು ಅಪ್ಪನ ಮುಖ ನೋಡಿದರು. ಆಮೇಲೆ, "ಬನ್ನಿ ಅಂಕಲ್" ಅನ್ನುವ ಹಾಗೆ ಕೈ ತೋರಿಸಿ ಸ್ವಲ್ಪ ಪಕ್ಕಕ್ಕೆ ಸರಿದರು.

ಹೆಬ್ಬೆರಳು ಹೋಯಿತು. ಒಂದು ಸಾಲಿನ ಉದ್ದಕ್ಕೂ ಮೆಲ್ಲಗೆ ಸವರಿದರು. ಮೊಮ್ಮಗನ ಬೆನ್ನು ಸವರುವಾಗ ಕೈ ಹೀಗೇ ಹೋಗುತ್ತದೆ. ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ನಾನು ಫೋಟೋ ತೆಗೆದೆ.

ಗ್ಯಾಲರಿಯೊಳಗೆ ಹಳೆಯ ವಿಮಾನವಾಹಕ ಹಡಗು ವಿಕ್ರಾಂತ್‌ನ ಕಥೆ ನನ್ನನ್ನು ಹಿಡಿದುಕೊಂಡಿತು. 1961ರಲ್ಲಿ ಸೇವೆಗೆ ಬಂದ ಹಡಗು. 1971ರ ಯುದ್ಧದ ಹೊತ್ತಿಗೆ, ಹಡಗು ಓಡಿಸಲು ಹಬೆ ಕಾಯಿಸುವ ಅದರ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಮೂರೇ ಬಾಯ್ಲರಿನಲ್ಲಿ ಯುದ್ಧಕ್ಕೆ ಹೊರಟರು. ಹಡಗಿನ ಮೇಲಿಂದ ವಿಮಾನ ಏರಬೇಕಾದರೆ ಎದುರುಗಾಳಿ ಬೇಕು, ಅದಕ್ಕೆ ಹಡಗು ಜೋರಾಗಿ ಓಡಬೇಕು. ವೇಗ ಕಡಿಮೆ ಆದರೆ ಪ್ರತಿ ಹಾರಾಟಕ್ಕೂ ಗಾಳಿಯ ಲೆಕ್ಕ ಹಾಕಬೇಕು. ಹಾಗಿದ್ದೂ ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆ ಹಡಗನ್ನು 1997ರಲ್ಲಿ ನಿವೃತ್ತಿಗೊಳಿಸಿ, 2014ರಲ್ಲಿ ಒಡೆಯಲು ಕೊಟ್ಟರು. ಅದನ್ನು ಉಳಿಸಿಕೊಳ್ಳಬೇಕಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಹೊರಗೆ ಬಂದಾಗ ಶಾಲೆ ಮಕ್ಕಳ ದಂಡು. ಸೀ ಹಾಕ್ ಹತ್ತಿರ ಒಬ್ಬ ಹುಡುಗ ಬಾಲದ ಕೆಳಗಿನ ಕೊಕ್ಕೆ ತೋರಿಸಿ ಏನದು ಅಂತ ಕೇಳುತ್ತಿದ್ದ. ಅಪ್ಪ ಬಿಡುತ್ತಾರಾ? ಹೆಗಲ ಮೇಲಿದ್ದ ಟವೆಲನ್ನು ಇಬ್ಬರು ಮಕ್ಕಳ ಕೈಗೆ ಎರಡು ತುದಿ ಕೊಟ್ಟು ಬಿಗಿಯಾಗಿ ಹಿಡಿಸಿದರು. ಇದು ಹಡಗಿನ ಮೇಲಿನ ತಂತಿ. ತಮ್ಮ ಬೆರಳನ್ನು ಕೊಕ್ಕೆ ಮಾಡಿ, ಕೈಯನ್ನು ವಿಮಾನದ ಹಾಗೆ ಇಳಿಸಿ ಟವೆಲಿಗೆ ಸಿಕ್ಕಿಸಿದರು. ಕೈ ಗಕ್ಕನೆ ನಿಂತಿತು. ಆ ಹುಡುಗನಿಗೆ ಅರ್ಥವಾಗಿದ್ದು ಮುಖದಲ್ಲೇ ಕಂಡಿತು. ಆಮೇಲೆ ಪ್ರತಿಯೊಬ್ಬರೂ ಒಂದೊಂದು ಸಲ ವಿಮಾನ ಆಗಲೇಬೇಕಾಯಿತು. ಅಷ್ಟರಲ್ಲಿ ನಾನು ಸೀ ಹ್ಯಾರಿಯರ್ ನೋಡಿ ಬಂದೆ. 1983ರಿಂದ 2016ರವರೆಗೆ ಹಾರಿದ ಜೆಟ್. ಎಂಜಿನಿನ ನಾಲ್ಕು ಬಾಯಿಗಳನ್ನು ಕೆಳಕ್ಕೆ ತಿರುಗಿಸಿ ನಿಂತ ಹಾಗೆ ಇಳಿಯುತ್ತಿತ್ತು. ಅದಕ್ಕೆ ಕೊಕ್ಕೆಯ ಹಂಗೇ ಇಲ್ಲ.

ರಾತ್ರಿ ಮಡಗಾಂವ್‌ನಲ್ಲಿ ಉಳಿದೆವು.

ಬುಧವಾರ, ವಾಪಸ್

ಮಧ್ಯಾಹ್ನದ ರೈಲಿನಲ್ಲಿ ಕಾರವಾರಕ್ಕೆ ಬಂದು, ಸಂಜೆ ಬೆಂಗಳೂರಿನ ರೈಲು ಹತ್ತಿದೆವು. ಗೋಕರ್ಣ ರೋಡ್ ದಾಟಿದ ಮೇಲೆ ಅಪ್ಪ ಫೋನ್ ತೆಗೆದು ದೊಡ್ಡಪ್ಪನಿಗೆ ಕರೆ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ನಮ್ ಚೇತಕ್ ನೋಡ್ದೆ ಕಣಯ್ಯಾ. ಬಾಲ ಮುಟ್ಟಿ ನೋಡ್ದೆ."

"ಫೋಟೋ ಕಳಿಸವ್ಳೆ ನಿನ್ ಮಗಳು, ನೋಡ್ತಾ ಇದೀನಿ. ಏನೋ ತಟ್ತಾ ಇದೀಯಲ್ಲ?"

"ಹೂಂ."

"ಎಷ್ಟು ಸಲ ತಟ್ದೆ?"

"ಒಂದೇ ಸಲ" ಅಂದರು ಅಪ್ಪ.